ಹದಿನಾರರ ಹುಡುಗನಿಗೆ ಜವಳಿ ಅಂಗಡಿಯಲ್ಲಿ ಹನ್ನೆರಡು ತಾಸಿನ ದುಡಿಮೆ: ನಾವು ಏನು ಮಾಡಬಹುದು?

ಪ್ರಶ್ನೆ: ದಾವಣಗೆರೆಯ ಅಕ್ಕ

ನನ್ನ ತಮ್ಮನಿಗೆ ಈಗ ಹದಿನಾರು ವರ್ಷ ಎಂಟು ತಿಂಗಳು. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಕೂಡಲೇ, ಐಟಿಐ ಸೇರುವ ಖರ್ಚಿಗಾದರೂ ಆಗಲಿ ಎಂದು ನಮ್ಮ ಊರಿನ ಒಂದು ದೊಡ್ಡ ಜವಳಿ ಅಂಗಡಿಯ ಸೀರೆ ವಿಭಾಗದಲ್ಲಿ ಸಹಾಯಕನಾಗಿ ಸೇರಿಕೊಂಡ. ತಿಂಗಳಿಗೆ 9,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರೇ ಹೊರತು ಯಾವ ಆದೇಶಪತ್ರವನ್ನೂ ಕೊಡಲಿಲ್ಲ. "ಮಧ್ಯದಲ್ಲಿ ಬಿಟ್ಟು ಹೋಗಬಾರದು" ಎಂದು ಅವನ ಎಸ್‌ಎಸ್‌ಎಲ್‌ಸಿ ಮೂಲ ಅಂಕಪಟ್ಟಿಯನ್ನು ಮಾತ್ರ ತೆಗೆದಿಟ್ಟುಕೊಂಡರು.

ಮದುವೆಯ ಕಾಲವಾದ್ದರಿಂದ ಜವಳಿ ತೆಗೆಯಲು ಹರಪನಹಳ್ಳಿ, ಜಗಳೂರು, ಚನ್ನಗಿರಿ ಕಡೆಯಿಂದ ಕುಟುಂಬ ಕುಟುಂಬಗಳೇ ಬರುತ್ತವೆ. ಬೆಳಿಗ್ಗೆ ಒಂಬತ್ತೂವರೆಗೆ ಹೋದ ಹುಡುಗ, ಬಿಚ್ಚಿ ಹರವಿದ ಸೀರೆಗಳನ್ನೆಲ್ಲ ಮಡಿಚಿ ಕಪಾಟಿಗೆ ಸೇರಿಸಿ ಹೊರಡುವಾಗ ರಾತ್ರಿ ಹತ್ತಾಗುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿಯೂ ಕೂರುವಂತಿಲ್ಲ. ಮನೆಗೆ ಬಂದವನು ಹೊಸ್ತಿಲ ಮೇಲೆ ಕುಳಿತರೆ ಬೂಟು ಕಳಚಲಿಕ್ಕೂ ಆಗದಷ್ಟು ಪಾದ ಊದಿರುತ್ತದೆ. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ತಂದಿಡುತ್ತಾಳೆ.

ಮೊದಲ ಸಂಬಳದ ಲಕೋಟೆಯಲ್ಲಿ ಇದ್ದದ್ದು 3,150 ರೂಪಾಯಿ. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆದಿದ್ದರು: ತರಬೇತಿಯ ಹತ್ತು ದಿನಕ್ಕೆ 3,000 ಕಡಿತ, ತಡವಾಗಿ ಬಂದದ್ದಕ್ಕೆ 600, ದಾಸ್ತಾನಿನಲ್ಲಿ ಕಡಿಮೆ ಬಂದ ಸೀರೆಗಳ ಪಾಲು 2,250. ಆ ಸೀರೆಗಳು ಹೇಗೆ ಕಳೆದವು ಎಂಬುದು ಇವನಿಗೆ ಗೊತ್ತೇ ಇಲ್ಲ. ಕೇಳಿದರೆ "ಎಲ್ಲರಿಗೂ ಹಂಚಿದ್ದೇವೆ, ನಿನಗೊಬ್ಬನಿಗೆ ಬೇರೆ ನ್ಯಾಯವೇ" ಎಂದರಂತೆ. ಇದನ್ನು ಪ್ರಶ್ನಿಸಲು ಕಾನೂನಿನಲ್ಲಿ ದಾರಿ ಇದೆಯೇ? ದೂರು ಕೊಟ್ಟರೆ ಅಂಕಪಟ್ಟಿಯೇ ಸಿಗದೆ ಐಟಿಐ ಪ್ರವೇಶ ತಪ್ಪೀತೆಂಬ ಭಯ ಅಮ್ಮನದು.

ಉತ್ತರ 1: ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲೆ, ಧಾರವಾಡ

ನಿಮ್ಮ ತಮ್ಮನ ವಿಷಯದಲ್ಲಿ ಕಾನೂನು ನೀವು ಊಹಿಸಿರುವುದಕ್ಕಿಂತ ಬಹಳ ಸ್ಪಷ್ಟವಾಗಿದೆ. ಹದಿನಾಲ್ಕು ತುಂಬಿದ ಮೇಲೆ ಮಕ್ಕಳನ್ನು ದುಡಿಸಿಕೊಳ್ಳಬಹುದು ಎಂದಷ್ಟೇ ಜನ ತಿಳಿದಿದ್ದಾರೆ. ಆದರೆ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ, ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಕಿಶೋರಾವಸ್ಥೆಯ ಕಾರ್ಮಿಕರೆಂದು ಪ್ರತ್ಯೇಕವಾಗಿ ಗುರುತಿಸಲಾಯಿತು. ಗಣಿ, ಸ್ಫೋಟಕ ಮೊದಲಾದ ಅಪಾಯಕಾರಿ ಕೆಲಸಗಳಿಗೆ ಅವರನ್ನು ಹಚ್ಚುವಂತೆಯೇ ಇಲ್ಲ. ಅಂಗಡಿಯಂತಹ ಉಳಿದ ಕಡೆಗಳಲ್ಲಿ 7ನೆಯ ಕಲಮು ಅನ್ವಯಿಸುತ್ತದೆ. ಅದರ ಪ್ರಕಾರ ಮೂರು ತಾಸು ದುಡಿದ ಮೇಲೆ ಕನಿಷ್ಠ ಒಂದು ತಾಸು ಬಿಡುವು ಕೊಡಲೇಬೇಕು. ಬಿಡುವು ಮತ್ತು ಕೆಲಸಕ್ಕಾಗಿ ಕಾಯುವ ಸಮಯವೂ ಸೇರಿ ದಿನದ ಒಟ್ಟು ಅವಧಿ ಆರು ತಾಸು ಮೀರಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಕೂಡದು. ಹೆಚ್ಚುವರಿ ಅವಧಿಯ ದುಡಿಮೆಗೆ ಅವಕಾಶವೇ ಇಲ್ಲ. ವಾರಕ್ಕೊಂದು ಪೂರ್ಣ ರಜೆಯೂ ಕಡ್ಡಾಯ. ಎಂದರೆ ನಿಮ್ಮ ತಮ್ಮನನ್ನು ದಿನಕ್ಕೆ ಎರಡು ಪಾಳಿಯಷ್ಟು ದುಡಿಸುತ್ತಿದ್ದಾರೆ.

ಸಂಬಳದ ಕಡಿತದ ಬಗ್ಗೆ ಹೇಳುವುದಾದರೆ, ದಂಡವು ಆ ಅವಧಿಯ ವೇತನದ ಶೇಕಡಾ 3ನ್ನು ಮೀರಬಾರದು. 1936ರ ವೇತನ ಪಾವತಿ ಕಾಯ್ದೆಯಲ್ಲಿದ್ದ ಈ ಮಿತಿಯೇ 2019ರ ವೇತನ ಸಂಹಿತೆಯಲ್ಲಿಯೂ ಇದೆ. 9,000ಕ್ಕೆ ಅದು 270 ರೂಪಾಯಿ. ಕಳೆದುಹೋದ ಸರಕಿನ ಬೆಲೆಯನ್ನು ಮುರಿದುಕೊಳ್ಳಬೇಕಾದರೆ, ಆ ಸರಕನ್ನು ಆ ನೌಕರನ ವಶಕ್ಕೇ ಒಪ್ಪಿಸಿರಬೇಕು, ನಷ್ಟವು ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ವಿವರಣೆಯನ್ನು ಮೊದಲು ಕೇಳಿರಬೇಕು. ಒಟ್ಟು ನಷ್ಟವನ್ನು ತಲೆಗಿಷ್ಟು ಎಂದು ಹಂಚುವ ಪದ್ಧತಿಗೆ ಇಲ್ಲಿ ಜಾಗವಿಲ್ಲ. ತರಬೇತಿಯ ಹೆಸರಿನಲ್ಲಿ ಹತ್ತು ದಿನ ಗಿರಾಕಿಗಳ ಮುಂದೆ ದುಡಿಸಿದ್ದರೆ ಅದು ದುಡಿಮೆಯೇ, ಅದಕ್ಕೆ ಕೂಲಿ ಸಲ್ಲಬೇಕು.

ಇನ್ನು ಅಂಕಪಟ್ಟಿ. ಅದನ್ನು ಒತ್ತೆ ಇಟ್ಟುಕೊಳ್ಳುವ ಅಧಿಕಾರ ಯಾವ ಮಾಲೀಕನಿಗೂ ಇಲ್ಲ. ಇಂಥ ಪ್ರಕರಣಗಳಲ್ಲಿ ಮಾಲೀಕರು ಮೊದಲು ಹೇಳುವ ಮಾತೇ "ಹುಡುಗನ ವಯಸ್ಸು ನಮಗೆ ಗೊತ್ತಿರಲಿಲ್ಲ" ಎಂಬುದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೇಲೆ ಜನ್ಮದಿನಾಂಕ ಅಚ್ಚಾಗಿರುತ್ತದೆ. ಅದನ್ನು ತಮ್ಮ ಬೀರುವಿನಲ್ಲಿ ಇಟ್ಟುಕೊಂಡವರು ಈ ಮಾತನ್ನು ಹೇಳಲಾರರು. ನಿಮ್ಮ ಅಮ್ಮ ಯಾವ ಕಾಗದಕ್ಕಾಗಿ ಹೆದರುತ್ತಿದ್ದಾರೋ ಅದೇ ಕಾಗದ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ ಎಂದು ಅವರಿಗೆ ದಯವಿಟ್ಟು ತಿಳಿಸಿ.

ಉತ್ತರ 2: ಹಿಂದೆ ಜವಳಿ ಅಂಗಡಿಯಲ್ಲಿ ದುಡಿದವನು, ಈಗ ಬೆಂಗಳೂರು

ವಕೀಲೆಯವರು ಹೇಳಿದ ಕಾನೂನು ನನಗೆ ಹದಿನೇಳರಲ್ಲಿ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತಿದೆ. ನಾನು ಎರಡು ವರ್ಷ ಇದೇ ಕೆಲಸ ಮಾಡಿದ್ದೇನೆ. ದಾಸ್ತಾನು ಕಡಿಮೆ ಬರುವುದು ಕಳ್ಳತನದಿಂದ ಮಾತ್ರವಲ್ಲ. ಒಂದು ಕಟ್ಟಿನಲ್ಲಿ ಹತ್ತು ಸೀರೆ ಎಂದು ಬರೆದಿದ್ದರೂ ಒಂಬತ್ತೇ ಬಂದಿರುತ್ತವೆ. ಬದಲಿಸಲು ತಂದ ಸೀರೆ ಬೇರೆ ವಿಭಾಗದ ಲೆಕ್ಕಕ್ಕೆ ಸೇರಿರುತ್ತದೆ. ಮಾಲೀಕರ ನೆಂಟರು ಒಯ್ದದ್ದಕ್ಕೆ ಚೀಟಿಯೇ ಇರುವುದಿಲ್ಲ. ಈ ಎಲ್ಲ ತಪ್ಪುಗಳ ಮೊತ್ತ ಕೊನೆಗೆ ಬಂದು ಬೀಳುವುದು ಮಾತನಾಡಲು ಅಂಜುವ ಹುಡುಗರ ಮೇಲೆ.

ದೂರು ಕೊಡುವ ಮೊದಲು ಅವನ ಕೈಗೆ ಒಂದು ಚಿಕ್ಕ ನೋಟುಪುಸ್ತಕ ಕೊಡಿ. ಪ್ರತಿದಿನ ಒಳಗೆ ಹೋದ ಸಮಯ, ಊಟಕ್ಕೆ ಬಿಟ್ಟ ಸಮಯ, ಹೊರಬಂದ ಸಮಯವನ್ನು ಅಂದಂದೇ ಬರೆದಿಡಲಿ. ಮನೆಗೆ ಹೊರಡುವಾಗ ನಿಮಗೊಂದು ವಾಟ್ಸ್ಆ್ಯಪ್ ಸಂದೇಶ ಕಳಿಸಲಿ, ಅದರ ಮೇಲೆ ಸಮಯ ತಾನಾಗಿ ಬೀಳುತ್ತದೆ. ಆ ಲಕೋಟೆಯನ್ನು ಎರಡೂ ಬದಿ ಫೋಟೋ ತೆಗೆದು, ಮೂಲವನ್ನು ಜೋಪಾನ ಮಾಡಿ. ಅಂಗಡಿಯ ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಕ್ಕಿಲ್ಲ. ನಮ್ಮಲ್ಲಿ ಹಾಗೆಯೇ ಇತ್ತು. ತಪಾಸಣೆಗೆ ಯಾರಾದರೂ ಬಂದರೆ ಚಿಕ್ಕವರನ್ನು ಹಿಂದಿನ ಗೋದಾಮಿಗೆ ಕಳಿಸುತ್ತಿದ್ದರು.

ಕೂರುವ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಕೋಝಿಕ್ಕೋಡಿನ ಜವಳಿ ಅಂಗಡಿಗಳ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಕೇರಳವು ಕೂರುವ ಹಕ್ಕನ್ನು ಕಾನೂನಿಗೆ ಸೇರಿಸಿತು. 2021ರಲ್ಲಿ ತಮಿಳುನಾಡೂ ಸೇರಿಸಿತು. ಒಂದು ಸ್ಟೂಲು ಕೇಳುವುದು ಸೋಮಾರಿತನವೆಂದು ನಮ್ಮ ಅಂಗಡಿಯ ಮೇಲ್ವಿಚಾರಕರು ಬೈಯುತ್ತಿದ್ದರು. ನನ್ನ ಕಾಲಿನ ನರಗಳು ಇಂದಿಗೂ ಗಂಟು ಗಂಟಾಗಿವೆ.

ಉತ್ತರ 3: ಸಿದ್ಧ ಉಡುಪಿನ ಅಂಗಡಿಯವನು, ಶಿವಮೊಗ್ಗ

ಅಂಗಡಿ ಇಟ್ಟವನಾಗಿ ನಾನೂ ಒಂದು ಮಾತು ಹೇಳಬೇಕು. ನಮ್ಮ ವ್ಯಾಪಾರ ಕುದುರುವುದೇ ಸಂಜೆ ಆರರ ಮೇಲೆ. ಏಳಕ್ಕೆ ಹುಡುಗನನ್ನು ಮನೆಗೆ ಕಳಿಸಬೇಕೆಂದರೆ ಬಹಳ ಮಾಲೀಕರು ಅವನನ್ನು ಸೇರಿಸಿಕೊಳ್ಳುವುದೇ ಇಲ್ಲ, ಆಗ ನಷ್ಟ ಅವನ ಮನೆಗೂ ಆಗುತ್ತದೆ. ಹಾಗೆಂದು ನಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಕಾಲೇಜಿನ ಇಬ್ಬರು ಹುಡುಗರನ್ನು ರಜೆಯಲ್ಲಿ ಹನ್ನೊಂದರಿಂದ ಐದರವರೆಗೆ ಇಟ್ಟುಕೊಂಡು, ನಡುವೆ ಒಂದು ತಾಸು ಊಟಕ್ಕೆ ಬಿಟ್ಟು, ಸಂಜೆಗೆ ದೊಡ್ಡವರನ್ನು ಕರೆಯುತ್ತೇನೆ. ಖರ್ಚು ಸ್ವಲ್ಪ ಹೆಚ್ಚು, ಆದರೆ ಅಂಗಡಿ ನಡೆಯುತ್ತಿದೆ. ಮೊದಲು ಮಾಲೀಕರೊಂದಿಗೆ ಮನೆಯ ಹಿರಿಯರು ಕೂತು ಮಾತನಾಡುವುದು ಒಳ್ಳೆಯದು ಎಂಬುದು ನನ್ನ ಸಲಹೆ.

ಉತ್ತರ 4: ಮತ್ತೆ ಧಾರವಾಡದ ವಕೀಲೆ

ಮಾತನಾಡಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಸೇರಿದ ದಿನಾಂಕ, ದುಡಿದ ಸಮಯ, ಬರಬೇಕಾದ ಬಾಕಿ, ಮರಳಿಸಬೇಕಾದ ಅಂಕಪಟ್ಟಿ, ಇವಿಷ್ಟನ್ನು ಒಂದು ಪುಟದಲ್ಲಿ ಬರೆದು, ಒಂದು ಪ್ರತಿಗೆ ಸ್ವೀಕೃತಿ ಸಹಿ ಕೇಳಿ. ಸಹಿ ಹಾಕದಿದ್ದರೆ ಅದೇ ಕಾಗದವನ್ನು ನೋಂದಾಯಿತ ಅಂಚೆಯಲ್ಲಿ ಕಳಿಸಿ. ಕೆಲಸ ಬಿಟ್ಟರೂ ಬಿಡಿಸಿದರೂ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದು ವೇತನ ಸಂಹಿತೆಯಲ್ಲಿದೆ. ಒಪ್ಪದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡಿ. ಬಾಲಕಾರ್ಮಿಕ ಕಾಯ್ದೆಯಡಿ ಯಾರು ಬೇಕಾದರೂ ದೂರು ಸಲ್ಲಿಸಬಹುದು, ಹುಡುಗನೇ ಮುಂದೆ ನಿಲ್ಲಬೇಕೆಂದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳಿಗೆ ಮತ್ತು ಮಹಿಳೆಯರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ದಾವಣಗೆರೆಯ ಅಕ್ಕ, ಹನ್ನೆರಡು ದಿನಗಳ ನಂತರ

ಸೋದರಮಾವನನ್ನು ಕರೆದುಕೊಂಡು, ಬರೆದ ಕಾಗದ ಹಿಡಿದು ಹೋದೆವು. ಮೊದಲು ಕೂಗಾಡಿದರು. ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ಇದೆಯಲ್ಲ ಎಂದು ಮಾವ ಕೇಳಿದಾಗ ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಅಂಕಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. ದಾಸ್ತಾನಿನ 2,250 ಮತ್ತು ತರಬೇತಿಯ 3,000 ಕೊಟ್ಟರು. ತಡವಾದದ್ದರ 600 ಕೊಡಲಿಲ್ಲ, ತಮ್ಮನಿಗೆ ನಾಳೆಯಿಂದ ಬರಬೇಡ ಎಂದರು. ಎರಡನೆಯ ತಿಂಗಳಿನ ಹದಿನೇಳು ದಿನದ ಸಂಬಳ ಇನ್ನೂ ಬಂದಿಲ್ಲ.

ಅವನ ಜೊತೆ ಅದೇ ವಯಸ್ಸಿನ ಮೂವರು ಹುಡುಗಿಯರು ಇನ್ನೂ ಅಲ್ಲಿಯೇ ರಾತ್ರಿ ಹತ್ತರವರೆಗೆ ಇರುತ್ತಾರೆ, ಆಮೇಲೆ ಆಟೋ ಹಂಚಿಕೊಂಡು ಮನೆಗೆ ಹೋಗುತ್ತಾರೆ. ಅವರಲ್ಲಿ ಇಬ್ಬರ ತಾಯಂದಿರು ನಿನ್ನೆ ನಮ್ಮ ಮನೆಗೆ ಬಂದು, ನಾವು ಬರೆದ ಕಾಗದವನ್ನು ಓದಿಸಿ ಕೇಳಿಕೊಂಡರು. ಸೋಮವಾರ ನಾವು ಮೂವರೂ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುತ್ತಿದ್ದೇವೆ. ಮೂವರ ದೂರನ್ನು ಒಂದೇ ಕಾಗದದಲ್ಲಿ ಬರೆಯಬಹುದೇ ಅಥವಾ ಬೇರೆ ಬೇರೆಯಾಗಿ ಕೊಡಬೇಕೇ ಎಂದು ವಕೀಲೆಯವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 5: ಧಾರವಾಡದ ವಕೀಲೆ

ಬೇರೆ ಬೇರೆಯಾಗಿ ಕೊಡಿ. ಪ್ರತಿಯೊಬ್ಬರ ವಯಸ್ಸಿನ ದಾಖಲೆಯ ನಕಲನ್ನು ಆಯಾ ದೂರಿಗೆ ಲಗತ್ತಿಸಿ, ಕಚೇರಿಯ ಮೊಹರು ಮತ್ತು ದಿನಾಂಕ ಬಿದ್ದ ಪ್ರತಿಯನ್ನು ಕೈಗೆ ತೆಗೆದುಕೊಂಡ ಮೇಲೆಯೇ ಅಲ್ಲಿಂದ ಹೊರಡಿ. ಬಾರದ ಹದಿನೇಳು ದಿನದ ಸಂಬಳವನ್ನೂ ಉಳಿದ ದಂಡದ ಹಣವನ್ನೂ ತಮ್ಮನ ದೂರಿನಲ್ಲಿ ಸೇರಿಸಲು ಮರೆಯಬೇಡಿ.