4340 ಉಕ್ಕು: 300 ಡಿಗ್ರಿಯಲ್ಲಿ ಟೆಂಪರ್ ಮಾಡಿದರೆ ಟಫ್‌ನೆಸ್ ಯಾಕೆ ಕುಸಿಯುತ್ತದೆ?

ಹೊಸ_ಕುಲುಮೆ ಕೇಳಿದ್ದು:

ನಮಸ್ಕಾರ. ಎಂಟೆಕ್ ಪ್ರಾಜೆಕ್ಟ್‌ಗೆ 4340 ಅನ್ನುವ ನಿಕ್ಕಲ್–ಕ್ರೋಮಿಯಂ–ಮಾಲಿಬ್ಡಿನಂ ಮಿಶ್ರ ಉಕ್ಕಿನ ಮೇಲೆ ಕೆಲಸ ಮಾಡುತ್ತಿದ್ದೇನೆ. 845 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಎಣ್ಣೆಯಲ್ಲಿ ಮುಳುಗಿಸಿ ತಟ್ಟನೆ ತಣಿಸಿದೆ (ಕ್ವೆಂಚ್). ಆಮೇಲೆ ಅರ್ಧ ತುಂಡುಗಳನ್ನು 200ರಲ್ಲಿ, ಉಳಿದರ್ಧವನ್ನು 300ರಲ್ಲಿ ಎರಡೆರಡು ಗಂಟೆ ಮತ್ತೆ ಬಿಸಿಯಲ್ಲಿಟ್ಟು ಟೆಂಪರ್ ಮಾಡಿದೆ.

ಟೆಂಪರ್ ಬಿಸಿ ಏರಿದ ಹಾಗೆ ಗಟ್ಟಿತನ ಇಳಿದು, ಮುರಿಯದೆ ಏಟು ತಾಳುವ ಗುಣ, ಅಂದರೆ ಟಫ್‌ನೆಸ್ ಏರಬೇಕು ಅಲ್ವಾ? ಗಟ್ಟಿತನವೇನೋ ರಾಕ್‌ವೆಲ್ ಸಿ ಅಳತೆಯಲ್ಲಿ 53ರಿಂದ 50 ಎಚ್‌ಆರ್‌ಸಿಗೆ ಇಳಿಯಿತು. ಆದರೆ ಗೀರು (ನಾಚ್) ಹಾಕಿದ ತುಂಡನ್ನು ಒಂದೇ ಏಟಿಗೆ ಮುರಿಯುವ ಚಾರ್ಪಿ ಪರೀಕ್ಷೆಯಲ್ಲಿ 24 ಜೌಲ್ ಇದ್ದದ್ದು 16ಕ್ಕೆ ಬಂತು! ಮೂರು ಸಲ ಮಾಡಿದೆ, ಮೂರು ಸಲವೂ ಹಾಗೇ. ಮೈಕ್ರೋಸ್ಕೋಪಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಏನಾಗುತ್ತಿದೆ? ಬಲ ಬಿಟ್ಟುಕೊಡದೆ ಟಫ್‌ನೆಸ್ ಏರಿಸಲು ಏನು ಬದಲಿಸಬೇಕು?

ಹಳೇ_ಮೆಟಲರ್ಜಿಸ್ಟ್:

ನಿಮ್ಮ ಪರೀಕ್ಷೆಯಲ್ಲಿ ತಪ್ಪಿಲ್ಲ. 4340ರಂಥ ಉಕ್ಕುಗಳಲ್ಲಿ ಸುಮಾರು 250ರಿಂದ 400 ಡಿಗ್ರಿವರೆಗಿನ ಟೆಂಪರಿಂಗ್ ಒಂದು ಗುಂಡಿ ಇದ್ದ ಹಾಗೆ. ನೀವು ಸರಿಯಾಗಿ ಅದರೊಳಗೇ ಇಳಿದಿದ್ದೀರಿ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದೇ ಗುಂಡಿಗೆ ಬಿದ್ದಿದ್ದೆ. ಒಂದು ಪಿನ್ನಿನ ಡ್ರಾಯಿಂಗ್‌ನಲ್ಲಿ 49–51 ಎಚ್‌ಆರ್‌ಸಿ ಅಂತ ಇತ್ತು. ಅದಕ್ಕೆ ಸರಿಯಾಗಿ 320ರಲ್ಲಿ ಟೆಂಪರ್ ಮಾಡಿದೆ. ಒಂದು ಪಿನ್ನೂ ಗಟ್ಟಿತನದಲ್ಲಿ ಫೇಲ್ ಆಗಲಿಲ್ಲ. ಜೋಡಿಸುವಾಗ ಬಿದ್ದ ಸುತ್ತಿಗೆ ಏಟಿಗೇ ಎರಡು ಮುರಿದವು. ಅವತ್ತಿನಿಂದ ಬರೀ ಗಟ್ಟಿತನದ ಅಂಕಿ ನೋಡಿ ಒಪ್ಪಿಕೊಳ್ಳುವುದನ್ನು ಬಿಟ್ಟೆ. ಇಂಗಾಲ ಎಲ್ಲಿ ಕೂತಿದೆ ಅಂತ ಮೊದಲು ಕೇಳುತ್ತೇನೆ.

ಕ್ವೆಂಚ್ ಆದಾಗ ಉಕ್ಕು ತಾಳುವ ಗಟ್ಟಿ ರೂಪವೇ ಮಾರ್ಟೆನ್ಸೈಟ್, ಅಂದರೆ ಒತ್ತೊತ್ತಾಗಿ ಜೋಡಿಸಿದ ತೆಳು ಪಟ್ಟಿಗಳು, ನಾವು ಲ್ಯಾತ್ ಅನ್ನುತ್ತೇವೆ. ದಪ್ಪ 0.2 ಮೈಕ್ರಾನ್ ಆಸುಪಾಸು. ಬೆಳಕಿನ ಮೈಕ್ರೋಸ್ಕೋಪಿಗೆ ಅಷ್ಟು ಸಣ್ಣದು ಬಿಡಿಬಿಡಿಯಾಗಿ ಕಾಣುವುದಿಲ್ಲ, ಅದಕ್ಕೇ ನಿಮಗೆ ಎರಡೂ ಒಂದೇ ಥರ ಕಂಡಿದ್ದು. ಈ ಪಟ್ಟಿಗಳ ನಡುವೆ ಬದಲಾಗದೆ ಉಳಿದ ಆಸ್ಟನೈಟಿನ (ಕ್ವೆಂಚ್‌ಗೆ ಮುಂಚೆ ಬಿಸಿಯಲ್ಲಿದ್ದ ಉಕ್ಕಿನ ರೂಪ) ಪೊರೆ ಇರುತ್ತದೆ.

200ರಲ್ಲಿ ಇಂಗಾಲ ಲ್ಯಾತ್‌ಗಳ ಒಳಗೇ ಅತಿ ಸಣ್ಣ ಕಾರ್ಬೈಡ್‌ಗಳಾಗಿ ಹರಡುತ್ತದೆ. ಪೊರೆ ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. 300 ಆಗುವ ಹೊತ್ತಿಗೆ ಆ ಪೊರೆ ಒಡೆದು, ಅದರ ಜಾಗದಲ್ಲೇ ಸಿಮೆಂಟೈಟ್ (ಕಬ್ಬಿಣ–ಇಂಗಾಲದ ಪೆಡಸು ಸಂಯುಕ್ತ) ಬೆಳೆಯುತ್ತದೆ. ಮೆತ್ತಗೆ ಬಾಗುತ್ತಿದ್ದ ಪದರದ ಬದಲು ಪೆಡಸು ಹಾಳೆ ಬಂದು ಕೂತ ಹಾಗೆ. ಬಿರುಕಿಗೆ ದಾರಿ ಸಲೀಸು. ಜೊತೆಗೆ ಹಳೇ ಆಸ್ಟನೈಟ್ ಹರಳುಗಳ ಅಂಚಿನಲ್ಲಿ ರಂಜಕ (ಫಾಸ್ಫರಸ್) ಸೇರಿದ್ದರೆ ಬಿರುಕು ಆ ಅಂಚನ್ನೇ ಹಿಡಿದು ಓಡುತ್ತದೆ. ಮುರಿದ ಮುಖವನ್ನು ಎಸ್‌ಇಎಂನಲ್ಲಿ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿದರೆ ಎರಡರಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾಗುತ್ತದೆ. ದಯವಿಟ್ಟು ಅದನ್ನು ಬಿಡಬೇಡಿ.

ಇನ್ನು ಪರಿಹಾರ. ಇದೇ ಉಕ್ಕಿನಲ್ಲಿ ಬಲವೂ ಬೇಕು ಅಂದರೆ 200ರಲ್ಲೇ ಇರಿ, ಹರಳನ್ನು ಸಣ್ಣದು ಮಾಡಿ. ಬಲ, ಟಫ್‌ನೆಸ್ ಎರಡನ್ನೂ ಒಟ್ಟಿಗೆ ಏರಿಸುವ ದಾರಿ ಅಂದರೆ ಮುಖ್ಯವಾಗಿ ಅದೊಂದೇ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ತೋರಿಸಿದ ಲೆಕ್ಕ ಇದು: ಹರಳಿನ ಗಾತ್ರದ ವರ್ಗಮೂಲ ಕಮ್ಮಿಯಾದಷ್ಟೂ ಬಲ ಏರುತ್ತದೆ. ಆಸ್ಟನೈಟ್ ಹರಳು ಸಣ್ಣದಾದರೆ ಅದರೊಳಗಿನ ಲ್ಯಾತ್ ಗುಂಪುಗಳೂ ಸಣ್ಣದಾಗುತ್ತವೆ. ಪ್ರತಿ ಗುಂಪಿನ ಅಂಚಿನಲ್ಲಿ ಬಿರುಕು ದಿಕ್ಕು ಬದಲಿಸಬೇಕು, ಅಷ್ಟಕ್ಕೂ ಶಕ್ತಿ ಖರ್ಚು. ಕ್ವೆಂಚ್ ಆದ ತುಂಡನ್ನು ಮತ್ತೊಮ್ಮೆ ಬೇಗ ಬಿಸಿ ಮಾಡಿ, ಕಮ್ಮಿ ಹೊತ್ತು ಇಟ್ಟು, ಮತ್ತೆ ಕ್ವೆಂಚ್ ಮಾಡಿ ನೋಡಿ.

ಸಿಲಿಕಾನ್_ಪ್ರಿಯೆ:

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಉಕ್ಕನ್ನೇ ಬದಲಿಸಲು ಅವಕಾಶ ಇದ್ದರೆ 300ಎಂ ನೋಡಿ. ಸರಳವಾಗಿ ಹೇಳಿದರೆ ಅದು 4340ಕ್ಕೆ ಸುಮಾರು 1.6% ಸಿಲಿಕಾನ್, ಸ್ವಲ್ಪ ವನಾಡಿಯಂ ಸೇರಿಸಿದ್ದು. ಸಿಲಿಕಾನ್ ಸಿಮೆಂಟೈಟಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದು ಪಕ್ಕಕ್ಕೆ ಸರಿಯದೆ ಸಿಮೆಂಟೈಟ್ ಬೆಳೆಯಲಾರದು. ಹಾಗಾಗಿ ನಿಮ್ಮ ಗುಂಡಿ ಇನ್ನೂ ಜಾಸ್ತಿ ಬಿಸಿಯ ಕಡೆಗೆ ಜರುಗುತ್ತದೆ, 300ರಲ್ಲಿ ಧೈರ್ಯವಾಗಿ ಟೆಂಪರ್ ಮಾಡಬಹುದು.

2003ರಲ್ಲಿ ಸ್ಪೀರ್ ಮತ್ತು ಜೊತೆಗಾರರು ಮುಂದಿಟ್ಟ ಕ್ವೆಂಚ್–ಪಾರ್ಟಿಶನ್ ವಿಧಾನವೂ ಇದನ್ನೇ ನೆಚ್ಚಿದೆ. ಕ್ವೆಂಚನ್ನು ಅರ್ಧಕ್ಕೇ ನಿಲ್ಲಿಸಿ, ಮಾರ್ಟೆನ್ಸೈಟಿನ ಇಂಗಾಲ ಪಕ್ಕದ ಆಸ್ಟನೈಟಿಗೆ ಹರಿಯಲು ಬಿಡುವುದು. ನಿಮ್ಮ 4340ರಲ್ಲಿ ಸುಮ್ನೆ ಅದನ್ನು ಮಾಡಲು ಹೋಗಬೇಡಿ. ಸಿಲಿಕಾನ್ ಸಾಲದೆ ಇಂಗಾಲದ ಬಹುಪಾಲು ಕಾರ್ಬೈಡ್ ಆಗಿಬಿಡುತ್ತದೆ.

ಹೊಸ_ಕುಲುಮೆ:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ಎಸ್‌ಇಎಂ ಸಿಕ್ಕಿತು. 300ರ ತುಂಡಿನಲ್ಲಿ ಹರಳಿನ ಅಂಚು ಹಿಡಿದು ಬಿಟ್ಟ ನುಣುಪು ಮುಖಗಳು ಅಲ್ಲಲ್ಲಿ ಇವೆ, ಆದರೆ ಬಹುಪಾಲು ಹರಳಿನೊಳಗೇ ಸೀಳಿದೆ. ಅಂದರೆ ರಂಜಕಕ್ಕಿಂತ ಸಿಮೆಂಟೈಟಿನ ಪಾಲು ಜಾಸ್ತಿ ಅನ್ನಿಸುತ್ತದೆ. ಉಕ್ಕು ಬದಲಿಸಲು ಆಗುವುದಿಲ್ಲ, ಎರಡನೇ ಕ್ವೆಂಚ್ ಮಾಡುತ್ತೇನೆ. ಎಷ್ಟು ಹೊತ್ತು ಇಡಲಿ?

ಹಳೇ_ಮೆಟಲರ್ಜಿಸ್ಟ್:

ಚೆನ್ನಾಗಿ ಓದಿದ್ದೀರಿ. ಚಾರ್ಪಿ ತುಂಡು 10 ಮಿಲಿಮೀಟರ್ ಅಷ್ಟೇ ಅಲ್ವಾ, ತುಂಡಿನ ಒಳಗೂ 830 ಮುಟ್ಟಿದ ಮೇಲೆ ಹತ್ತು ನಿಮಿಷದಿಂದ ಶುರು ಮಾಡಿ. ಕರಗಿದ ಉಪ್ಪಿನ ಬಾತ್ ಇದ್ದರೆ ಅದರಲ್ಲೇ, ಬೇಗ ಬಿಸಿಯಾಗುತ್ತದೆ. ಎರಡು ಸಲ ಬಿಸಿ ಮಾಡಿದಾಗ ಮೇಲ್ಮೈಯಲ್ಲಿ ಇಂಗಾಲ ಕಮ್ಮಿಯಾಗಬಹುದು. ಹಾಗಾಗಿ ತುಂಡನ್ನು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪವಾಗಿಯೇ ಬಿಟ್ಟು, ಟೆಂಪರ್ ಆದ ಮೇಲೆ ನೀರು ಹಾಯಿಸುತ್ತಾ ನಿಧಾನವಾಗಿ ಗ್ರೈಂಡ್ ಮಾಡಿ ನಾಚ್ ಕೊಡಿ. ಒಂದು ತುಂಡನ್ನು ಮುರಿಯದೆ ಇಟ್ಟು ಪಿಕ್ರಿಕ್ ಆಸಿಡ್‌ನಲ್ಲಿ ಎಚ್ ಮಾಡಿ (ಮೇಲ್ಮೈಯನ್ನು ಸ್ವಲ್ಪ ಸವೆಸಿ), ಹಳೇ ಆಸ್ಟನೈಟ್ ಅಂಚುಗಳು ಅದರಲ್ಲೇ ಚೆನ್ನಾಗಿ ಕಾಣುವುದು. ಮೊದಲಿನ ಗಾತ್ರ, ಈಗಿನ ಗಾತ್ರ, ಎರಡನ್ನೂ ಇಲ್ಲೇ ಬರೆಯಿರಿ. ಕಾಯುತ್ತಿರುತ್ತೇನೆ.