1966ರ ಬೀಟಲ್‌ಗೆ 1600 ಇಂಜಿನ್: ಗೇರ್‌ಬಾಕ್ಸ್‌ಗೆ ಪೂರ್ತಿ ಕೂರುತ್ತಿಲ್ಲ

ಗುಂಡುಗಾಡಿ66
ಗಾಡಿ 1966ರ ಫೋಕ್ಸ್‌ವ್ಯಾಗನ್ ಬೀಟಲ್ 1300. 6 ವೋಲ್ಟ್, ಸ್ವಿಂಗ್ ಆಕ್ಸಲ್ (ಹಳೆ ಮಾದರಿಯ ಹಿಂದಿನ ಆಕ್ಸಲ್), ಮೂಲ ಗೇರ್‌ಬಾಕ್ಸ್. ಹಾಕುತ್ತಿರುವುದು 1600 ಡ್ಯುಯಲ್ ಪೋರ್ಟ್ (ಪ್ರತಿ ಹೆಡ್‌ಗೆ ಎರಡು ಗಾಳಿದಾರಿ) ಇಂಜಿನ್, ನಂಬರ್ 'ಎಡಿ'ಯಿಂದ ಶುರುವಾಗುತ್ತದೆ. ಫ್ಲೈವೀಲ್ (ಇಂಜಿನ್ ತುದಿಯ ಹಲ್ಲಿರುವ ಭಾರದ ಚಕ್ರ), ಕ್ಲಚ್ ಎಲ್ಲ ಇಂಜಿನ್ ಜೊತೆಗೇ ಬಂದಿವೆ. ಸ್ಟಾರ್ಟರ್ ಮಾತ್ರ ಹಳೆಯದು. ಜ್ಯಾಕ್ ಮೇಲೆ ಏರಿಸಿ ತಳ್ಳಿದರೆ 4-5 ಮಿ.ಮೀ. ಸಂದು ಉಳಿಯುತ್ತದೆ. ಪುಲ್ಲಿ ತಿರುಗಿಸಿದರೆ ಒಳಗೆ ಲೋಹ ಉಜ್ಜುವ ಸದ್ದು. ನಾಲ್ಕು ಬೋಲ್ಟ್ ಬಿಗಿದು ಎಳೆದುಕೊಂಡರೆ ಕೂರುತ್ತದಾ?

ಪಾನಾ_17
ಬೋಲ್ಟ್ ಬಿಗಿದು ಎಳೆಯಲೇಬೇಡಿ ಸಾರ್. ಸುಮಾರು 110 ಕೆಜಿ ಇಂಜಿನ್ನಿನ ಭಾರವೆಲ್ಲ ಇನ್‌ಪುಟ್ ಶಾಫ್ಟ್ ಮೇಲೆ ಬಿದ್ದು ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ, ಇಲ್ಲವೇ ಬೆಲ್ ಹೌಸಿಂಗ್ (ಕ್ಲಚ್ ಸುತ್ತಲಿನ ಗೇರ್‌ಬಾಕ್ಸ್ ಕವಚ) ಸೀಳುತ್ತದೆ. ಸರಿಯಾಗಿ ಹೊಂದಿದ ಇಂಜಿನ್ ಕೈಯಿಂದ ತಳ್ಳಿದರೇ ಅಂಚಿಗೆ ಅಂಚು ಕೂರುತ್ತದೆ. ಬೋಲ್ಟ್ ಇರುವುದು ಹಿಡಿದಿಡಲು, ಅದೂ 30 ನ್ಯೂಟನ್ ಮೀಟರ್ ಸಾಕು.

ಇಂಜಿನ್ ಹೊರಗೆ ತೆಗೆದು ಮೂರು ವಿಷಯ ನೋಡಿ ಹೇಳಿ. ಫ್ಲೈವೀಲ್ ಹಲ್ಲು ಎಷ್ಟು, 109 ಇದೆಯೋ 130 ಇದೆಯೋ? ಕ್ಲಚ್ ಪ್ಲೇಟ್ ವ್ಯಾಸ 180 ಮಿ.ಮೀ. ಇದೆಯೋ 200 ಇದೆಯೋ? ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತುವ ಭಾಗ) ನಡುವೆ ಉಕ್ಕಿನ ಉಂಗುರ ಇದೆಯೋ ಇಲ್ಲವೋ?

ಗುಂಡುಗಾಡಿ66
130 ಹಲ್ಲು, 200 ಮಿ.ಮೀ., ಉಂಗುರ ಇಲ್ಲ. ಬೆಲ್ ಹೌಸಿಂಗ್ ಒಳಗೆ ಎರಡು ಮೂರು ಕಡೆ ಹೊಸ ಗೀರು ಕಾಣುತ್ತಿದೆ.

ಪಾನಾ_17
ಹಾಗಾದರೆ ಒಂದಲ್ಲ, ಮೂರು ತೊಂದರೆ. ಸಂದು ಅದರಲ್ಲಿ ಮೊದಲನೆಯದು ಅಷ್ಟೆ.

6 ವೋಲ್ಟ್ ಗೇರ್‌ಬಾಕ್ಸ್ ಎರಕ ಹೊಯ್ದಿರುವುದು 109 ಹಲ್ಲಿನ ಚಿಕ್ಕ ಫ್ಲೈವೀಲ್‌ಗೆ. 130 ಹಲ್ಲಿನದು 12 ವೋಲ್ಟ್ ಗಾಡಿಯದು, ವ್ಯಾಸ ದೊಡ್ಡದು. ಗೀರು ಬಿದ್ದಿರುವ ಜಾಗದಲ್ಲೇ ರಿಂಗ್ ಗೇರ್, ಅಂದರೆ ಫ್ಲೈವೀಲ್ ಅಂಚಿನ ಹಲ್ಲು, ತಾಗುತ್ತಿದೆ.

ಎರಡನೆಯದು ಸ್ಟಾರ್ಟರ್. ಹಳೆಯ 6 ವೋಲ್ಟ್ ಸ್ಟಾರ್ಟರ್‌ನ ಪಿನಿಯನ್‌ಗೂ (ಚಿಕ್ಕ ಗೇರ್) 130ರ ಹಲ್ಲಿಗೂ ತಾಳೆಯಾಗುವುದಿಲ್ಲ. ಕೆಲವೇ ದಿನದಲ್ಲಿ ಎರಡೂ ಕಡೆಯ ಹಲ್ಲು ನುಣ್ಣಗಾಗುತ್ತದೆ. 12 ವೋಲ್ಟ್ ಸ್ಟಾರ್ಟರ್ ತಂದರೆ ಅದರ ಶಾಫ್ಟ್ ತುದಿ ಸಣ್ಣದು, ಗೇರ್‌ಬಾಕ್ಸ್‌ನಲ್ಲಿರುವ ಬುಷ್ (ಶಾಫ್ಟ್ ತುದಿ ಕೂರುವ ಬಳೆ) ಸಡಿಲ. ಒಳರಂಧ್ರ ಕಿರಿದಾದ ಪರಿವರ್ತನೆ ಬುಷ್ ಹಾಕಲೇಬೇಕು.

ಮೂರನೆಯದು ಕ್ಲಚ್, ಇದನ್ನೇ ಹೆಚ್ಚಿನವರು ಮರೆಯುವುದು. 1971ರ ನಂತರದ ಗೇರ್‌ಬಾಕ್ಸ್‌ನಲ್ಲಿ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಒಂದು ಕೊಳವೆಯ ಮೇಲೆ ಜಾರುತ್ತದೆ, ಅದಕ್ಕೆ ಉಂಗುರವಿಲ್ಲದ ಪ್ರೆಶರ್ ಪ್ಲೇಟ್. ನಿಮ್ಮ ಗೇರ್‌ಬಾಕ್ಸ್‌ನಲ್ಲಿ ಆ ಕೊಳವೆ ಇಲ್ಲ. ಬೇರಿಂಗ್ ಅದನ್ನು ತಳ್ಳುವ ಫೋರ್ಕ್‌ಗೆ ಕ್ಲಿಪ್ ಹಾಕಿಕೊಂಡು ನಿಂತಿರುತ್ತದೆ, ಉಂಗುರವನ್ನು ಒತ್ತಬೇಕು. ಉಂಗುರವಿಲ್ಲದಿದ್ದರೆ ಬೇರಿಂಗ್ ನೇರ ಪ್ರೆಶರ್ ಪ್ಲೇಟಿನ ಬೆರಳುಗಳ ಮೇಲೆ ಉಜ್ಜಿ ಎರಡನ್ನೂ ತಿನ್ನುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ. ಉಂಗುರವಿರುವ 200 ಮಿ.ಮೀ. ಪ್ರೆಶರ್ ಪ್ಲೇಟ್ ತರಿಸಿ.

ಉಜ್ಜುವ ಜಾಗಕ್ಕೆ: ರಿಂಗ್ ಗೇರ್ ಅಂಚಿಗೆ ನೀಲಿ ಬಣ್ಣ ಹಚ್ಚಿ, ಇಂಜಿನ್ ಹತ್ತಿರ ತಂದು ಪುಲ್ಲಿ ತಿರುಗಿಸಿ, ಬಣ್ಣ ಅಂಟಿದ ಕಡೆ ಮಾತ್ರ ಗ್ರೈಂಡ್ ಮಾಡಿ. ಅದಕ್ಕೂ ಮೊದಲು ಇನ್‌ಪುಟ್ ಶಾಫ್ಟ್ ಸೀಲ್ ಮತ್ತು ಸ್ಟಾರ್ಟರ್ ಬುಷ್‌ಗೆ ಬಟ್ಟೆ ತುರುಕಿ ಟೇಪ್ ಸುತ್ತಿ. ಎರಕದ ಪುಡಿ ಸೀಲ್ ತುಟಿಗೆ ಸಿಕ್ಕರೆ ಗೇರ್ ಆಯಿಲ್ ನೇರ ಕ್ಲಚ್‌ಗೆ ಬರುತ್ತದೆ.

ತಂಗಾಳಿ
ಗ್ರೈಂಡಿಂಗ್ ಯಾಕೆ ಪಾನಾ ಅವರೇ? 1966ರ 1300 ಫ್ಲೈವೀಲ್ ಓ-ರಿಂಗ್ (ಆಯಿಲ್ ತಡೆಯುವ ರಬ್ಬರ್ ಬಳೆ) ಇರುವ ಮಾದರಿ, ಎಡಿ ಕ್ರ್ಯಾಂಕ್‌ಶಾಫ್ಟ್‌ಗೆ ಕೂರುತ್ತದೆ. ಅದನ್ನೇ ಹಾಕಿದರೆ ಹಳೆ ಸ್ಟಾರ್ಟರ್, ಹಳೆ ಬುಷ್, ಹಳೆ 180 ಕ್ಲಚ್ ಎಲ್ಲ ಉಳಿಯುತ್ತವೆ. ಬೆಲ್ ಹೌಸಿಂಗ್ ಮುಟ್ಟುವ ಕೆಲಸವೇ ಇಲ್ಲ.

ಪಾನಾ_17
ಒಪ್ಪಿದೆ, ಆದರೆ 40 ಅಶ್ವಶಕ್ತಿಗೆ ಮಾಡಿದ 180 ಕ್ಲಚ್‌ಗೆ 50 ಅಶ್ವಶಕ್ತಿ. ಪೇಟೆ ಓಡಾಟಕ್ಕೆ ಸಾಕು. ನಾಲ್ಕು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವವರಿಗೆ ನಾನು ಹೇಳುವುದಿಲ್ಲ. 109 ಹಲ್ಲಿಗೆ 200 ಮಿ.ಮೀ. ಕ್ಲಚ್ ಕೂರುವ ಫ್ಲೈವೀಲ್ ಸಿಗುತ್ತದೆ, ಖರ್ಚಾದರೂ ಅದೇ ಒಳ್ಳೆಯದು.

6 ವೋಲ್ಟ್ ಉಳಿಸಿಕೊಂಡರೆ ಇನ್ನೊಂದು ಗಮನಿಸಿ. ಎಡಿ ಜೊತೆ ಬರುವ 34 ಪಿಐಸಿಟಿ-3 ಕಾರ್ಬುರೇಟರ್‌ನ ಚೋಕ್ ಮತ್ತು ಐಡಲ್ ಕಟ್-ಆಫ್ ಸೊಲೆನಾಯ್ಡ್ (ಕೀ ಆಫ್ ಮಾಡಿದಾಗ ಐಡಲ್ ಪೆಟ್ರೋಲ್ ನಿಲ್ಲಿಸುವ ವಿದ್ಯುತ್ ಕವಾಟ) 12 ವೋಲ್ಟ್‌ನವು. 6 ವೋಲ್ಟ್ ಕೊಟ್ಟರೆ ಸೊಲೆನಾಯ್ಡ್ ಎಳೆಯದೆ ಹೋಗಬಹುದು. ಗಾಡಿ ಓಡುತ್ತದೆ, ನಿಂತಾಗ ಆರುತ್ತದೆ. ಜನ ಕಾರ್ಬುರೇಟರ್ ಬಿಚ್ಚಿ ಬಿಚ್ಚಿ ಸುಸ್ತಾಗುವುದು ಇಲ್ಲೇ.

ಗುಂಡುಗಾಡಿ66
ಇವತ್ತಲ್ಲ ನಾಳೆ 12 ವೋಲ್ಟ್ ಮಾಡುವ ಯೋಚನೆ ಇದೆ. ಆಗ?

ತಂಗಾಳಿ
ಆಗಲೂ 109 ಫ್ಲೈವೀಲ್ ಇರಲಿ. 6 ವೋಲ್ಟ್ ಸ್ಟಾರ್ಟರ್‌ಗೆ 12 ಕೊಟ್ಟರೂ ನಡೆಯುತ್ತದೆ, ಜೋರಾಗಿ ಗುದ್ದುತ್ತದೆ ಅಷ್ಟೆ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ. ಬದಲಿಸಬೇಕಾದವು: ಬಲ್ಬುಗಳು, ಕಾಯಿಲ್, ಫ್ಲ್ಯಾಶರ್, ಡೈನಮೋ, ರೆಗ್ಯುಲೇಟರ್, ವೈಪರ್ ಮೋಟರ್. ಪೆಟ್ರೋಲ್ ಮೀಟರ್ ಆ ವರ್ಷದ್ದು ಕೇಬಲ್‌ನದು, ಕರೆಂಟಿನ ಹಂಗೇ ಇಲ್ಲ.

ಪಾನಾ_17
ಫ್ಲೈವೀಲ್ ಬದಲಿಸಿದರೆ ಎಂಡ್ ಪ್ಲೇ (ಕ್ರ್ಯಾಂಕ್ ಹಿಂದೆ-ಮುಂದೆ ಸರಿಯುವ ಆಟ) ಮತ್ತೆ ಅಳೆಯಲೇಬೇಕು, ಹಳೆಯ ಶಿಮ್ (ತೆಳು ಉಕ್ಕಿನ ಬಳೆ) ಹಾಗೇ ಹಾಕಬೇಡಿ. ಸೀಲ್, ಓ-ರಿಂಗ್ ಇಲ್ಲದೆ ಎರಡು ಶಿಮ್ ಹಾಕಿ ನಟ್ ಬಿಗಿದು ಡಯಲ್ ಗೇಜ್‌ನಲ್ಲಿ ಆಟ ನೋಡಿ. ಬಂದ ಅಳತೆಯಿಂದ 0.10 ಮಿ.ಮೀ. ಕಳೆದರೆ ಮೂರನೇ ಶಿಮ್‌ನ ದಪ್ಪ: 0.44 ಬಂದರೆ 0.34ರ ಶಿಮ್. ಮೂರೂ ಹಾಕಿದ ಮೇಲೆ 0.07ರಿಂದ 0.13 ಮಿ.ಮೀ. ಒಳಗಿರಬೇಕು. ಶಿಮ್ ಯಾವಾಗಲೂ ಮೂರೇ. ಆಮೇಲೆ ಹೊಸ ಸೀಲ್, ಹೊಸ ಓ-ರಿಂಗ್.

ಫ್ಲೈವೀಲ್ ನಡುವಿನ ದೊಡ್ಡ ನಟ್ 36 ಮಿ.ಮೀ., ಬಿಗಿತ 300 ನ್ಯೂಟನ್ ಮೀಟರ್. ಅಷ್ಟು ದೊಡ್ಡ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ ಸುಮಾರು 31 ಕೆಜಿ ಭಾರ ಬೀಳಲಿ. ಇದು ಸಡಿಲವಾದರೆ ಡೋವೆಲ್ ಪಿನ್ (ಫ್ಲೈವೀಲನ್ನು ಕ್ರ್ಯಾಂಕ್‌ಗೆ ಹಿಡಿಸುವ ಗೂಟ) ರಂಧ್ರಗಳು ಅಗಲವಾಗಿ ಕ್ರ್ಯಾಂಕೇ ಕೆಡುತ್ತದೆ. ನಟ್ ಒಳಗಿನ ಸೂಜಿ ಬೇರಿಂಗ್‌ಗೆ ಚೂರೇ ಚೂರು ಗ್ರೀಸ್, ತುಂಬಿಸಿದರೆ ಕ್ಲಚ್‌ಗೆ ಹಾರುತ್ತದೆ.

ಎಲ್ಲ ಕೂತ ಮೇಲೆ ಕ್ಲಚ್ ಪೆಡಲ್ ಆಟ 10-20 ಮಿ.ಮೀ. ಇಡಿ. ಬೌಡನ್ ಕೊಳವೆ (ಕ್ಲಚ್ ಕೇಬಲ್ ಹಾದುಹೋಗುವ ಬಾಗುವ ಕೊಳವೆ) ನಡುವೆ 25ರಿಂದ 45 ಮಿ.ಮೀ. ಜೋಲಿರಬೇಕು. ನೇರವಾಗಿದ್ದರೆ ಗಾಡಿ ಎತ್ತುವಾಗ ನಡುಗುತ್ತದೆ, ತಪ್ಪು ಕ್ಲಚ್ ಪ್ಲೇಟಿನ ಮೇಲೆ ಬರುತ್ತದೆ.

ತಂಗಾಳಿ
ಇಂಜಿನ್ ಸುತ್ತಲಿನ ತಗಡುಗಳ ಕಡೆಗೂ ಗಮನ ಇರಲಿ. ಎಡಿಯ ಆಯಿಲ್ ಕೂಲರ್ ಫ್ಯಾನ್ ಹೌಸಿಂಗ್‌ನ ಹಿಂಬದಿ ಬೇರೆ ಗೂಡಿನಲ್ಲಿದೆ; ಅದರ ಬಿಸಿಗಾಳಿ ಹೊರಗೆ ಹೋಗಲು ಗೇರ್‌ಬಾಕ್ಸ್ ಕಡೆಯ ತಗಡಿನಲ್ಲಿ ದಾರಿ ಬೇಕು. ನಿಮ್ಮ ಹಳೆ ತಗಡಿನಲ್ಲಿ ಅದಿಲ್ಲ, ಇಂಜಿನ್ನಿನದೇ ತಗಡು ಮತ್ತು ಡಕ್ಟ್ ಹಾಕಿ. ಸುತ್ತಲಿನ ರಬ್ಬರ್ ಪಟ್ಟಿ ಹರಿದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆಯುತ್ತದೆ. ಆಯಿಲ್ 2.5 ಲೀಟರ್, ಟ್ಯಾಪೆಟ್ (ಕವಾಟದ ಸಂದು) ತಣ್ಣಗಿದ್ದಾಗ 0.15 ಮಿ.ಮೀ.

ಗುಂಡುಗಾಡಿ66
109ರ 200 ಫ್ಲೈವೀಲ್, ಉಂಗುರದ ಪ್ರೆಶರ್ ಪ್ಲೇಟ್ ಆರ್ಡರ್ ಮಾಡಿದೆ. ಆರ್‌ಸಿಯಲ್ಲಿ ಹಳೆ ಇಂಜಿನ್ ನಂಬರ್ ಇದೆ, ಅದಕ್ಕೆ?

ಪಾನಾ_17
ಕೂರಿಸುವ ಮೊದಲೇ ಆರ್‌ಟಿಒ ಅನುಮತಿಗೆ ಅರ್ಜಿ ಹಾಕಿ, ಇಂಜಿನ್ ಕೊಂಡ ರಸೀದಿ ಜೊತೆಗಿರಲಿ. ನಂಬರ್ ಇರುವುದು ಡೈನಮೋ ಸ್ಟ್ಯಾಂಡಿನ ಕೆಳಗೆ, ಕೇಸಿನ ಮೇಲೆ. ಇಂಜಿನ್ ಹೊರಗಿರುವಾಗಲೇ ಉಜ್ಜಿ ಫೋಟೋ ತೆಗೆದುಕೊಳ್ಳಿ.