‘ಹೊಳೆದಂಡೆ ಮನೆ’ ಗುಂಪಿನಲ್ಲಿ ಪುಟ್ಟಿಯ ಎಲ್‌ಕೆಜಿ

ಅಣ್ಣ, ಬೆಂಗಳೂರು (ಚಿತ್ರ ಹಂಚಿಕೊಂಡಿದ್ದಾನೆ): ‘ಮನೆಯೇ ಕಿಂಡರ್‌ಗಾರ್ಟನ್! 3 ವರ್ಷದಿಂದ ಪ್ರವೇಶ. ವಾರಕ್ಕೆ 5 ದಿನ, ದಿನಕ್ಕೆ 2 ಗಂಟೆ ಆನ್‌ಲೈನ್ ತರಗತಿ. 6 ತಿಂಗಳಲ್ಲಿ ಓದು, ಬರಹ.’

ಅಣ್ಣ: ಪುಟ್ಟಿಯನ್ನು ಇದಕ್ಕೆ ಸೇರಿಸುವ ಯೋಚನೆ ಇದೆ. ನಾಳೆಯೊಳಗೆ ಹಣ ಕಟ್ಟಿದರೆ ರಿಯಾಯಿತಿಯಂತೆ. ಏನು ಹೇಳುತ್ತೀರಿ?

ನಾನು: ಅಣ್ಣಾ, ಕಟ್ಟಬೇಡ. ಅವಳಿಗಿನ್ನೂ ಮೂರೂವರೆ ವರ್ಷ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ವಯಸ್ಸಿನವರು ಕೂತು ಪರದೆ ನೋಡುವುದಕ್ಕೆ ಹೇಳಿದ ಮಿತಿ ಇಡೀ ದಿನಕ್ಕೆ 1 ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎಂದು. ಊಟ ಮಾಡಿಸುವಾಗ ಕೊಡುವ ಮೊಬೈಲೂ ಆ ಲೆಕ್ಕಕ್ಕೆ ಸೇರುತ್ತದೆ.

ಅಣ್ಣ: ಅದು ಕಾರ್ಟೂನ್ ನೋಡುವವರಿಗೆ. ಇದು ಪಾಠ. 2020ರಲ್ಲಿ ಸರ್ಕಾರ 5ನೇ ತರಗತಿಯವರೆಗೆ ಆನ್‌ಲೈನ್ ಪಾಠ ನಿಷೇಧಿಸಿದಾಗ ಹೈಕೋರ್ಟ್ ಜುಲೈ 8ರಂದು ತಡೆ ಕೊಡಲಿಲ್ಲವೇ? ಶಿಕ್ಷಣದ ಹಕ್ಕಿಗೆ ಅಡ್ಡಿಯಾಗುತ್ತದೆ ಎಂದೇ ಕೊಟ್ಟಿದ್ದು.

ನಾನು: ಕೊಟ್ಟಿತು, ಸರಿ. ಆಗ ಕೊರೊನಾದಿಂದ ಶಾಲೆಗಳಿಗೆ ಬೀಗ ಬಿದ್ದಿತ್ತು, ಬೇರೆ ದಾರಿ ಇರಲಿಲ್ಲ. ಈಗ ನಿಮ್ಮ ರಸ್ತೆಯ ಕೊನೆಯಲ್ಲೇ ಅಂಗನವಾಡಿ ತೆರೆದಿದೆ. ಇನ್ನೊಂದು ಮಾತು, ಆ ಹಕ್ಕು ಕೊಡುವ ಸಂವಿಧಾನದ 21ಎ ವಿಧಿ ಹೇಳುವುದು 6ರಿಂದ 14 ವರ್ಷದ ಮಕ್ಕಳ ಬಗ್ಗೆ. ಆ ಜುಲೈನಲ್ಲೇ ಕೇಂದ್ರ ಸರ್ಕಾರ ಆನ್‌ಲೈನ್ ಪಾಠದ ಬಗ್ಗೆ ಹೊರಡಿಸಿದ ‘ಪ್ರಗ್ಯಾತಾ’ ಮಾರ್ಗಸೂಚಿಯನ್ನೂ ಓದು. ಪೂರ್ವ ಪ್ರಾಥಮಿಕಕ್ಕೆ ಹೆಚ್ಚೆಂದರೆ 30 ನಿಮಿಷ, ಅದೂ ತಂದೆತಾಯಿಯ ಜೊತೆ ಮಾತನಾಡಿ ದಾರಿ ತೋರಿಸಲು. ಶಾಲೆಗಳೆಲ್ಲ ಮುಚ್ಚಿದ್ದ ಕಾಲದಲ್ಲೇ ಅಷ್ಟು ಎಂದವರು, ಈಗ 2 ಗಂಟೆಗೆ ಒಪ್ಪುತ್ತಾರೆಯೇ?

ಅಕ್ಕ, ಸಾಲ್ಟ್ ಲೇಕ್ ಸಿಟಿ (ಅಮೆರಿಕ): ಪೂರ್ತಿ ತಳ್ಳಿಹಾಕಬೇಡ ತಂಗಿ. ಇಲ್ಲಿ ಯೂಟಾ ರಾಜ್ಯವೇ 2009ರಿಂದ ‘ಅಪ್‌ಸ್ಟಾರ್ಟ್’ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಕಿಂಡರ್‌ಗಾರ್ಟನ್‌ಗೆ ಒಂದು ವರ್ಷ ಮೊದಲು ಮನೆಯಲ್ಲೇ ಕಂಪ್ಯೂಟರ್‌ನಲ್ಲಿ ಕಲಿಯುತ್ತಾರೆ. ನನ್ನ ಮಗನೂ ಮಾಡಿದ. ಅಕ್ಷರದ ಸದ್ದುಗಳು ಚೆನ್ನಾಗಿ ಬಂದವು.

ನಾನು: ದಿನಕ್ಕೆ ಎಷ್ಟು ಹೊತ್ತು ಅಕ್ಕಾ?

ಅಕ್ಕ: 15 ನಿಮಿಷ. ವಾರಕ್ಕೆ 5 ದಿನ.

ನಾನು: ಪಕ್ಕದಲ್ಲಿ ಯಾರು ಕೂರುತ್ತಿದ್ದರು?

ಅಕ್ಕ: ನಾನೇ. ಕೂರದ ದಿನ ಅವನು ಸುಮ್ಮನೆ ಗುಂಡಿ ಒತ್ತುತ್ತಿದ್ದ. ನೀನು ಹೇಳುವುದೂ ನಿಜ.

ಅತ್ತಿಗೆ: ಎಲ್ಲರೂ ಮಾತನಾಡಿದಿರಿ, ನಾನೂ ಹೇಳುತ್ತೇನೆ. ಬೆಳಿಗ್ಗೆ 9.30ಕ್ಕೆ ನನ್ನ ಕೆಲಸ ಶುರು. ಮಗುವನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ದೀಪಾವಳಿಗೆ ಊರಿಗೆ ಹೋದವರು ಬರಲಿಲ್ಲ. ಪ್ಲೇಹೋಂಗೆ ಕಳಿಸಿದರೆ ವಾರಕ್ಕೊಮ್ಮೆ ನೆಗಡಿ, ಜ್ವರ. ಆ 2 ಗಂಟೆ ಅವಳು ಒಂದು ಕಡೆ ಕೂತರೆ ನನ್ನ ಅರ್ಧ ಕೆಲಸ ಮುಗಿಯುತ್ತದೆ. ಮಿತಿ, ಮಾರ್ಗಸೂಚಿ ಎಲ್ಲ ಸರಿ. ಹಗಲು ಹೊತ್ತು ನನ್ನ ಮನೆಯಲ್ಲಿ ಯಾರಿದ್ದಾರೆ?

ನಾನು: ಅತ್ತಿಗೆ, ನಿಮ್ಮ ಕಷ್ಟ ಕೇಳದೆ ಬರೆದೆ. ಕ್ಷಮಿಸಿ. ಆದರೆ ಆ ತರಗತಿ ನಿಮಗೆ 2 ಗಂಟೆ ಬಿಡುವು ಕೊಡುವುದಿಲ್ಲ. 2020ರಲ್ಲಿ ಚಿಕ್ಕಪ್ಪನ ಮೊಮ್ಮಗನ ಯುಕೆಜಿ ತರಗತಿಯನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಪರದೆ ತುಂಬ ಪುಟ್ಟ ಪುಟ್ಟ ಮುಖಗಳು, ಪ್ರತಿ ಮುಖದ ಮಗ್ಗುಲಲ್ಲಿ ಒಬ್ಬೊಬ್ಬ ತಾಯಿಯ ತೋಳು. ಟೀಚರ್ ‘ಇದು ಯಾವ ಬಣ್ಣ’ ಎಂದರೆ ಮೊದಲು ಕೇಳಿಸುತ್ತಿದ್ದುದು ತಾಯಂದಿರ ಪಿಸುಮಾತು. ಪುಟ್ಟಿ ಎದ್ದು ಓಡಿದರೆ ಹಿಡಿದು ತರಬೇಕಾದವರು ನೀವೇ.

ನಾನು: ಇನ್ನು ಆ ‘6 ತಿಂಗಳಲ್ಲಿ ಓದು’. ಎಚ್.ಡಿ. ಕೋಟೆಯಲ್ಲಿ ನಾನು ಪಾಠ ಮಾಡುವ ನಲಿಕಲಿ (1ರಿಂದ 3ನೇ ತರಗತಿಯವರು ಚಟುವಟಿಕೆಗಳಿಂದ ಕಲಿಯುವ) ತರಗತಿ 2021ರ ಅಕ್ಟೋಬರ್ 25ರಂದು ಮತ್ತೆ ತೆರೆಯಿತು. ಒಬ್ಬ ಹುಡುಗ ‘ಅ’ಯಿಂದ ‘ಳ’ವರೆಗೆ ವಿಡಿಯೊದ ರಾಗದಲ್ಲೇ ಹಾಡಿದ. ನನಗೆ ಹಿಗ್ಗೋ ಹಿಗ್ಗು. ‘ಮ’ ಕಾರ್ಡ್ ಕೈಗೆ ಕೊಟ್ಟು ಯಾವುದಪ್ಪಾ ಎಂದರೆ, ಮತ್ತೆ ‘ಅ’ಯಿಂದ ಹಾಡಲು ಶುರು ಮಾಡಿದ. ‘ಮ’ ಬಂದಾಗಲೂ ನಿಲ್ಲಲಿಲ್ಲ. ಹಾಡು ಬಂದಿತ್ತು, ಅಕ್ಷರ ಬಂದಿರಲಿಲ್ಲ. ಬಳಪ ಹಿಡಿಯಲು ಅವನ ಬೆರಳಿಗೆ ಬಲವೇ ಇರಲಿಲ್ಲ. ದೀಪಾವಳಿ ರಜೆ ಮುಗಿದ ಮೇಲೆ ಒಂದು ತಿಂಗಳು ಮಣ್ಣಿನ ಉಂಡೆ, ಹುಣಸೆ ಬೀಜ, ದಾರಕ್ಕೆ ಮಣಿ ಪೋಣಿಸುವುದು, ಇಷ್ಟೇ ಮಾಡಿಸಿದೆ.

ಅಣ್ಣ: ಇದನ್ನೆಲ್ಲ ಅಂಗನವಾಡಿಯಲ್ಲಿ ಮಾಡಿಸುತ್ತಾರೆಯೇ? ಅಲ್ಲಿ ಉಪ್ಪಿಟ್ಟು ಕೊಟ್ಟು ಮಲಗಿಸಿ ಕಳಿಸುತ್ತಾರೆ.

ದೊಡ್ಡಮ್ಮ, ತಿ. ನರಸೀಪುರ: ಯಾರಪ್ಪಾ ಹಾಗೆಂದವರು? ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ರಾಜ್ಯದಲ್ಲಿ ಮೊದಲು 1975ರಲ್ಲಿ ಶುರುವಾದದ್ದು ನಮ್ಮ ನರಸೀಪುರದಲ್ಲಿ. 3ರಿಂದ 6 ವರ್ಷದವರ ಶಾಲಾಪೂರ್ವ ಶಿಕ್ಷಣ ಆಗಿನಿಂದಲೂ ಅದರೊಳಗೇ ಇದೆ. ನಾನು ಸೇರಿದ್ದು ಎಷ್ಟೋ ವರ್ಷಗಳ ನಂತರ, ಆದರೆ ನಿವೃತ್ತಿಯಾಗುವವರೆಗೂ ಒಂದು ದಿನವೂ ಹಾಡು, ಕಥೆ ಇಲ್ಲದೆ ಮಕ್ಕಳನ್ನು ಕಳಿಸಲಿಲ್ಲ. ನೀನು ಎಣಿಕೆ ಕಲಿತದ್ದೂ ನನ್ನ ಅಳಗುಳಿಮಣೆಯಲ್ಲೇ. ಮರೆತೆಯಾ?

ಅಣ್ಣ: ತಪ್ಪಾಯಿತು ದೊಡ್ಡಮ್ಮ. ಅದು ಮರೆಯುವಂಥದ್ದಲ್ಲ.

ದೊಡ್ಡಮ್ಮ: ಅವರೆಕಾಯಿ ಬಂದಿದೆ. ನೆನೆಸಿದ ಕಾಳನ್ನು ಹಿತುಕಲು ಮಗುವಿಗೆ ಕೊಡು. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಬೇಕು. ಮುಂದೆ ಪೆನ್ಸಿಲ್ ಹಿಡಿಯುವುದೂ ಅದೇ ಬೆರಳುಗಳಿಂದ. ಒಂದು ಬೋಗುಣಿ ಮುಗಿಸುವ ಹೊತ್ತಿಗೆ ಕಥೆಯೂ ಒಂದು ಮುಗಿದಿರುತ್ತದೆ.

ಅಣ್ಣ: ಎಲ್ಲ ಸರಿ. ಇಂಗ್ಲಿಷ್? ನಾವು ನೋಡಿಟ್ಟ ಶಾಲೆಯಲ್ಲಿ ಪ್ರವೇಶದ ಸಮಯದಲ್ಲಿ ಮಗುವಿನ ಜೊತೆ ಇಂಗ್ಲಿಷಿನಲ್ಲಿ ಮಾತನಾಡಿಸುತ್ತಾರಂತೆ.

ನಾನು: ಮಾತನಾಡಿಸಲಿ. ಪ್ರವೇಶಕ್ಕೆ ಮಗುವನ್ನು ಪರೀಕ್ಷಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೇ ಬೇಡ ಎನ್ನುತ್ತದೆ. ಅಂಥ ಶಾಲೆಗಾಗಿ ಮೂರೂವರೆ ವರ್ಷದವಳನ್ನು ಈಗಿನಿಂದ ತಯಾರು ಮಾಡಬೇಕೇ? ಕನ್ನಡದಲ್ಲಿ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಬಲ್ಲ ಮಗುವಿಗೆ ಇನ್ನೊಂದು ಭಾಷೆ ಕಷ್ಟವಾಗುವುದಿಲ್ಲ. ನನ್ನ ತರಗತಿಯ ಜೇನುಕುರುಬರ ಮಕ್ಕಳು ಕನ್ನಡವನ್ನು ಕಲಿಯುವುದೂ ಹಾಗೆಯೇ, ಮನೆಯ ಮಾತಿನ ಹೆಗಲ ಮೇಲೆ ಕೂತು.

ಅಣ್ಣ: ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರಿನ ಪರಿಸ್ಥಿತಿ ನಿನಗೆ ಗೊತ್ತಿಲ್ಲ. ಇರಲಿ, ನಾಳೆ ಹಣ ಕಟ್ಟುವುದಿಲ್ಲ.

ಅತ್ತಿಗೆ: ಹಣದ ಮಾತು ಬಿಡಿ. ಸೋಮವಾರ ಬೆಳಿಗ್ಗೆ ಮಗುವಿನ ಜೊತೆ ಯಾರಿರುತ್ತಾರೆ? ಅಂಗನವಾಡಿಗೆ ಕಳಿಸಿದರೂ ಮೊದಲ ವಾರ ಅಳುತ್ತಾಳೆ, ಯಾರಾದರೂ ಅಲ್ಲಿ ಕೂರಬೇಕು.

ದೊಡ್ಡಮ್ಮ: ನಾನು ಕೂರುತ್ತೇನೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ, ಸಂಕ್ರಾಂತಿಯವರೆಗೆ ಇರುತ್ತೇನೆ. ಅವರೆಕಾಯಿ ಎಷ್ಟು ಕೆಜಿ ತರಲಿ?

ಅತ್ತಿಗೆ: ನಾಲ್ಕು ತನ್ನಿ ದೊಡ್ಡಮ್ಮ. ಅಳಗುಳಿಮಣೆಯನ್ನೂ.